ಭಾಮೈದನ ಸಾಲಕ್ಕೆ ಶೂರಿಟಿ ಹಾಕಬೇಕಾ? ದೇವರ ಚಿತ್ತ ತಿಳಿಯುವುದು ಹೇಗೆ?

ಮಂಡ್ಯದಿಂದ ಕೇಳಿದ್ದೀರಿ: ಭಾಮೈದ ಟ್ರ್ಯಾಕ್ಟರ್ ಸಾಲಕ್ಕೆ ಶೂರಿಟಿ ಹಾಕಿ ಅಂತಿದ್ದಾನೆ, ಪ್ರಾರ್ಥನೆ ಮಾಡಿದರೂ ಉತ್ತರ ಸಿಗುತ್ತಿಲ್ಲ, ದೇವರನ್ನು ಗುರುತು ಕೇಳಬಹುದಾ ಅಂತ.

ಗುರುತು ಕೇಳಬೇಡಿ. ಬೈಬಲಿನ ಗಿದ್ಯೋನ ಉಣ್ಣೆ ಹಾಸಿ ದೇವರನ್ನು ಗುರುತು ಕೇಳಿದ್ದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನ್ಯಾಯಸ್ಥಾಪಕರು 6ನೇ ಅಧ್ಯಾಯ ಓದಿ ನೋಡಿ, ಏನು ಮಾಡಬೇಕೆಂದು ದೇವರು ಅವನಿಗೆ 14ನೇ ವಚನದಲ್ಲೇ ಹೇಳಿಯಾಗಿತ್ತು. ಉಣ್ಣೆ ಬರುವುದು 36ರಿಂದ ಮುಂದೆ, ಅವನ ಅನುಮಾನಕ್ಕೆ. ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳಿಡುವುದು, ಚೀಟಿ ಎತ್ತುವುದು ಎಲ್ಲಾ ನಮಗೆ ಬೇಕಾದ್ದು ಬರುವವರೆಗೂ ನಡೆಯುವ ಆಟ.

ಜ್ಞಾನ ಕೇಳಿದವರಿಗೆ ದೇವರು ಹಂಗಿಸದೆ ಕೊಡುತ್ತಾರೆ ಅನ್ನುತ್ತದೆ ಯಾಕೋಬ 1:5. ಹಾಗಾಗಿ ಬರೀ 'ನಿನ್ನ ಚಿತ್ತ ತೋರಿಸು' ಅಂತ ನಿಲ್ಲಿಸದೆ ಬಿಡಿಸಿ ಹೇಳಿಕೊಳ್ಳಿ: ಸಾಲ ಎಷ್ಟು, ಬೇಡ ಅಂದರೆ ಹೆಂಡತಿ ಏನಂದುಕೊಂಡಾಳೋ ಅನ್ನುವ ಭಯ, ಭಾಮೈದನ ಮೇಲೆ ಹಳೇ ಸಿಟ್ಟೇನಾದರೂ ಇದ್ದರೆ ಅದು. ಇವನ್ನು ಬಾಯಿಬಿಟ್ಟು ಹೇಳದಿದ್ದರೆ ಒಳಗೇ ಕೂತು ಅವೇ ತೀರ್ಮಾನ ಮಾಡಿಬಿಡುತ್ತವೆ.

ಆಮೇಲೆ ಜ್ಞಾನೋಕ್ತಿಗಳು 6:1-5 ಮತ್ತು 22:26-27. ತೀರಿಸಲು ಗತಿಯಿಲ್ಲದೆ ಹೊಣೆಯಾದರೆ ಮಲಗಿರುವ ಹಾಸಿಗೆಯನ್ನೇ ಎಳೆದುಕೊಂಡು ಹೋದಾರು ಅಂತಿದೆ. (31 ಅಧ್ಯಾಯಗಳನ್ನು ತಾರೀಖಿಗೊಂದರಂತೆ ಓದುವವರಿಗೆ ಈ ಮಾತು ಪ್ರತಿ ತಿಂಗಳು 22ಕ್ಕೆ ಎದುರಾಗುತ್ತದೆ.) ಕಾನೂನೂ ಹೆಚ್ಚುಕಡಿಮೆ ಇಷ್ಟೇ ಕಟುವಾಗಿದೆ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಶೂರಿಟಿ ಹಾಕಿದವನ ಹೊಣೆ ಸಾಲಗಾರನ ಹೊಣೆಗೆ ಸಮ. ಬ್ಯಾಂಕಿನವರು ಮೊದಲು ಅವನನ್ನು ಹಿಡಿದು ಆಮೇಲೇ ನಿಮ್ಮ ಮನೆಗೆ ಬರಬೇಕೆಂದೇನಿಲ್ಲ. ಕಂತು ತಪ್ಪಿದರೆ ನಿಮ್ಮ ಸಿಬಿಲ್‌ಗೂ (ಸಾಲ ಕೊಡುವವರು ನೋಡುವ ಅಂಕ) ಏಟು.

ಲೂಕ 14:28ರ ಗೋಪುರ ಕಟ್ಟುವವನ ಹಾಗೆ ಕೂತು ಲೆಕ್ಕ ಹಾಕಿ. ಕಂತು ಎಷ್ಟು, ತಿಂಗಳಿಗಾ ಆರು ತಿಂಗಳಿಗಾ? ಅವನಿಗೆ ಬೇರೆ ಕೈಸಾಲ, ಸಂಘದ ಸಾಲ ಇದೆಯಾ? ಕಬ್ಬಿನ ದುಡ್ಡಲ್ಲಿ ಕಟ್ತೀನಿ ಅಂತಾನಾ? ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕೆಂದು ನಿಯಮವೇನೋ ಇದೆ, ಬಿಲ್ಲು ತಡವಾಗುವುದು ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಪೂರ್ತಿ ಸಾಲ ನಿಮ್ಮ ತಲೆಗೇ ಬಂದರೂ ಕಟ್ಟಬಲ್ಲಿರಾ? ಇಲ್ಲ ಅಂದರೆ ಸಹಿ ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಸಲಹೆ ಕೇಳುವಾಗ ಅರಸ ರೆಹಬ್ಬಾಮನ ಹಾಗೆ ಹೂಂ ಅನ್ನುವವರನ್ನೇ ಆರಿಸಬೇಡಿ (1 ಅರಸುಗಳು 12). ಮೊದಲು ಹೆಂಡತಿ, ಆಮೇಲೆ ಹಣಕಾಸಿನ ವ್ಯವಹಾರ ಗೊತ್ತಿರುವ ಸಭೆಯ ಹಿರಿಯರೊಬ್ಬರು. ಸಭಾಪಾಲಕರ ಮುಂದೆ ಸಾಲದ ಕಾಗದಗಳನ್ನೂ ಇಡಿ. 'ಒಂದು ವಿಷಯ ಇದೆ, ಪ್ರಾರ್ಥನೆ ಮಾಡಿ' ಅಂದರೆ ಅವರಾದರೂ ಏನು ಹೇಳಿಯಾರು?

ಬೇಡ ಅಂತ ತೀರ್ಮಾನವಾದರೆ ಅದನ್ನು ಹೇಳುವ ರೀತಿಗೆ ಯಾಕೋಬ 3:17 ನೋಡಿ: ಸಮಾಧಾನ, ಕರುಣೆ, ಕಪಟವಿಲ್ಲದ ಮಾತು. 'ದೇವರು ಬೇಡ ಅಂದರು' ಅಂತ ದೇವರ ಮೇಲೆ ಹಾಕಬೇಡಿ, ಫೋನಲ್ಲೂ ಹೇಳಬೇಡಿ. ಎದುರು ಕೂತು, 'ಶೂರಿಟಿ ನನ್ನ ಕೈಲಾಗಲ್ಲಪ್ಪ, ಡೌನ್‌ಪೇಮೆಂಟಿಗೆ ಇಷ್ಟು ಕೊಡ್ತೀನಿ, ಆದಾಗ ವಾಪಸ್ ಕೊಡು' ಅನ್ನಿ. ಆ ಮೊತ್ತ ವಾಪಸ್ ಬರದಿದ್ದರೂ ಸಂಸಾರ ನಡೆಯುವಷ್ಟರಲ್ಲಿರಲಿ, ಹೆಂಡತಿಗೆ ಮೊದಲೇ ತಿಳಿದಿರಲಿ.