ವೆಬ್ ದೂರದರ್ಶಕದ ಕಡತ ಕಪ್ಪಾಗಿ ಕಾಣುವುದೇಕೆ?

ಪುಣೆಯ ಕನ್ನಡ ಮಕ್ಕಳ ಪ್ರದರ್ಶನಕ್ಕೆ ಚಿತ್ರ ಸಿದ್ಧಪಡಿಸಲು ತೆರೆದ ವೆಬ್ ಕಡತಗಳು ಕಪ್ಪಾಗಿ ಕಾಣುವುದೇಕೆ ಎಂದು ಕೇಳಿದ್ದೀರಿ. ಕರೀನಾ ನೀಹಾರಿಕೆಯ ಎನ್‌ಜಿಸಿ 3324 ಭಾಗದ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಕಡತಗಳು ನಿಮಗೆ ಬರೀ ಕಪ್ಪಾಗಿ, ನಡುನಡುವೆ ಬಿಳಿ ಚುಕ್ಕೆಗಳೊಂದಿಗೆ ಕಾಣುತ್ತಿರುವುದಕ್ಕೆ ಕಡತ ಕೆಟ್ಟಿರುವುದು ಬಹುಶಃ ಕಾರಣವಲ್ಲ. ನಕ್ಷತ್ರಗಳ ಹೊಳಪಿಗೂ ನೀಹಾರಿಕೆಯ ಅನಿಲ-ದೂಳಿನ ಮೋಡದ ಹೊಳಪಿಗೂ ಇರುವ ಅಪಾರ ಅಂತರವನ್ನು ಹೊಂದಿಸದೆ ತೆರೆದರೆ ಮೋಡವೆಲ್ಲ ಕತ್ತಲೆಯಲ್ಲೇ ಉಳಿಯುತ್ತದೆ.

ಕಡತದ ಹೆಸರನ್ನು ನೀವು ಬರೆದಿಲ್ಲವಾದ್ದರಿಂದ, ಮೊದಲು ಅದು ‘ಐ2ಡಿ’ (i2d) ಎಂದು ಮುಗಿಯುತ್ತದೆಯೇ ನೋಡಿ. ಹಲವು ಎಕ್ಸ್‌ಪೋಷರ್‌ಗಳನ್ನು (ಒಂದೊಂದು ಸಲ ತೆಗೆದ ಚಿತ್ರಗಳನ್ನು) ಜೋಡಿಸಿದ ಸಿದ್ಧ ಚಿತ್ರ ಅದೇ. ಅದರೊಳಗೆ ಹಲವು ಪದರಗಳಿರುವುದರಿಂದ, ಇಂಥ ಕಡತಗಳನ್ನು ತೆರೆಯುವ, ಉಚಿತವಾಗಿ ಸಿಗುವ ಫಿಟ್ಸ್ ಲಿಬರೇಟರ್ ತಂತ್ರಾಂಶದಲ್ಲಿ ಚಿತ್ರವಿರುವ ‘ಎಸ್‌ಸಿಐ’ (SCI) ಪದರವನ್ನೇ ಆರಿಸಿ, ಮಬ್ಬು ಭಾಗಗಳನ್ನು ಬೆಳಗಿಸಿ ಹೊಳಪಿನ ಅಂತರವನ್ನು ಕುಗ್ಗಿಸುವ ‘ಆರ್ಕ್‌ಸೈನ್‌ಎಚ್’ (ArcSinh) ಸ್ಟ್ರೆಚ್ ಕೊಡಿ. ಕಪ್ಪುಮಟ್ಟವನ್ನು (ಅದಕ್ಕಿಂತ ಮಬ್ಬಾದುದೆಲ್ಲ ಕಪ್ಪಾಗುವ ಮಿತಿಯನ್ನು) ತೀರಾ ಮೇಲೆತ್ತಬೇಡಿ, ಏಕೆಂದರೆ ದೂಳಿನ ಅತಿ ಸೂಕ್ಷ್ಮವಾದ, ನಿಜಕ್ಕೂ ಸುಂದರವಾದ ಎಳೆಗಳು ಅಲ್ಲಿಯೇ ಅಡಗಿರುತ್ತವೆ.

ಬಳಿಕ, ಬೇರೆ ಬೇರೆ ತರಂಗಾಂತರದ ಬೆಳಕನ್ನಷ್ಟೇ ಬಿಡುವ ಫಿಲ್ಟರ್‌ಗಳಲ್ಲಿ ತೆಗೆದ ಚಿತ್ರಗಳ ಪೈಕಿ ಎಫ್‌090ಡಬ್ಲ್ಯೂ ಚಿತ್ರಕ್ಕೆ ನೀಲಿ, ಎಫ್‌200ಡಬ್ಲ್ಯೂಗೆ ಹಸಿರು, ಎಫ್‌444ಡಬ್ಲ್ಯೂಗೆ ಕೆಂಪು ಬಣ್ಣ ಕೊಡಿ. ಆದರೆ ವೆಬ್‌ನ ಅವಕೆಂಪು ಕ್ಯಾಮೆರಾ ನಿಯರ್‌ಕ್ಯಾಮ್‌ನ ಕಿರು ತರಂಗದ ಪಿಕ್ಸೆಲ್ ಸುಮಾರು 0.031 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್), ದೀರ್ಘ ತರಂಗದ್ದು 0.063 ಆಗಿರುವುದರಿಂದ, ದೀರ್ಘ ತರಂಗದ್ದಾದ ಆ ಕೊನೆಯ ಚಿತ್ರವನ್ನು ಸುಮಾರು ಎರಡರಷ್ಟು ಹಿಗ್ಗಿಸಿ, ನಕ್ಷತ್ರಗಳನ್ನು ಗುರುತಾಗಿಟ್ಟುಕೊಂಡು ಹೊಂದಿಸಬೇಕು.

ಹೊಳೆಯುವ ನಕ್ಷತ್ರಗಳ ನಟ್ಟನಡುವೆಯೇ ಕಾಣುವ ಕಪ್ಪು ತೂತುಗಳು ಪಿಕ್ಸೆಲ್‌ಗಳು ಬೆಳಕಿನಿಂದ ತುಂಬಿಹೋದುದರ ಗುರುತು. ಅವುಗಳನ್ನು ಬಿಳಿಯಿಂದ ತುಂಬಬಹುದು. ಪುಣೆಯ ಕನ್ನಡ ಮಕ್ಕಳ ಪ್ರದರ್ಶನಕ್ಕೆ ಮುದ್ರಿಸುವಾಗ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿಗೆ ನಾವು ಕೊಟ್ಟ ಬಣ್ಣಗಳಿವು ಎಂದು ಫಿಲ್ಟರ್‌ಗಳ ಹೆಸರಿನೊಂದಿಗೆ ಚಿತ್ರದ ಕೆಳಗೆ ನಮೂದಿಸಿ.