ಎಸರು ಕುದಿಯಲಿ, ಹೆಪ್ಪು ಕಡಿಮೆಯಿರಲಿ
ಓದುಗರ ಪ್ರಶ್ನೆಗಳಿಗೆ ಗೃಹವಿಜ್ಞಾನದ ನಿವೃತ್ತ ಶಿಕ್ಷಕಿಯ ಉತ್ತರ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಧಾಟಿಯವು: "ಮೊಬೈಲಿನಲ್ಲಿ ನೋಡಿಕೊಂಡು ಅಳತೆ ತಪ್ಪದೆ ಮಾಡಿದೆ, ಆದರೂ ಕೆಟ್ಟಿತು." ಅಳತೆ ತಪ್ಪಿಲ್ಲ, ಊರು ತಪ್ಪಿದೆ. ಆ ವಿಡಿಯೊ ಮಾಡಿದವರ ಅಡಿಗೆಮನೆ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇರುತ್ತದೆ. ಮೇ ತಿಂಗಳ ಕಲಬುರಗಿ, ಯಾದಗಿರಿಯಲ್ಲಿ ಪಾರಾ 42 ದಾಟುತ್ತದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಡಿಸೆಂಬರಿನ ಬೀದರಿನಲ್ಲಿ ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗಿಳಿಯುವುದೂ ಉಂಟು. ಹೀಗಿರುವಾಗ "ಎಂಟು ಗಂಟೆ ಮುಚ್ಚಿಡಿ" ಎಂದರೆ ಯಾವ ಊರಿನ ಎಂಟು ಗಂಟೆ?

ಪ್ರಶ್ನೆ: ಮೇಡಂ, ನನ್ನ ತವರು ಮಂಡ್ಯ. ಮದುವೆಯಾಗಿ ಕಲಬುರಗಿಗೆ ಬಂದು ಎಂಟು ತಿಂಗಳಾಯ್ತು. ಮುದ್ದೆ ಕಟ್ಟೋಕೆ ಬರುತ್ತೆ, ಜೋಳದ ರೊಟ್ಟಿ ಮಾತ್ರ ಬರ್ತಿಲ್ಲ. ಬಡಿಯುವಾಗಲೇ ಅಂಚು ಬಿಡುತ್ತೆ, ಎತ್ತಿದರೆ ನಡುವೆ ಹರಿಯುತ್ತೆ. ಅತ್ತೆ ಏನೂ ಅನ್ನಲ್ಲ, ಸುಮ್ಮನೆ ಬಂದು ತಾವೇ ಬಡಿಯೋಕೆ ಕೂತ್ಕೋತಾರೆ. ಅದೇ ಬೇಜಾರು. ಸ್ವಲ್ಪ ಮೈದಾ ಬೆರೆಸಬಹುದಾ?

ಉತ್ತರ: ಮೈದಾ ಬೇಡವ್ವ. ಬೆರೆಸಿದರೆ ರೊಟ್ಟಿ ಹರಿಯುವುದಿಲ್ಲ ನಿಜ, ಆರಿದ ಮೇಲೆ ಮಾತ್ರ ತೊಗಲು ಜಗಿದ ಹಾಗಿರುತ್ತದೆ. ಮುದ್ದೆ ಕಟ್ಟಲು ಬರುತ್ತದೆ ಎಂದಿರಲ್ಲ, ಹಾಗಾದರೆ ಅರ್ಧ ವಿದ್ಯೆ ನಿಮ್ಮ ಕೈಯಲ್ಲೇ ಇದೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ರಾಗಿಯಲ್ಲೂ ಇಲ್ಲ, ಜೋಳದಲ್ಲೂ ಇಲ್ಲ. ತಣ್ಣೀರು ಹಾಕಿ ಎಷ್ಟು ನಾದಿದರೂ ಜೋಳದ ಹಿಟ್ಟು ಬಿಡಿಬಿಡಿಯೇ. ಕುದಿನೀರು ಬಿದ್ದಾಗ ಹಿಟ್ಟಿನ ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಮುದ್ದೆಯನ್ನು ಒಲೆಯ ಮೇಲೆಯೇ ತಿರುವಿ ಬೇಯಿಸುತ್ತೀರಿ, ರೊಟ್ಟಿಗೆ ಆ ಕೆಲಸವನ್ನು ಎಸರು ಪರಾತದಲ್ಲಿ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ನಮ್ಮ ಕಡೆ ಬಿಸಿನೀರು ಬೇರೆ, ಎಸರು ಬೇರೆ. ಬೆರಳಿಟ್ಟು ನೋಡಬಹುದಾದದ್ದು ಬಿಸಿನೀರು. ಅದರಿಂದ ರೊಟ್ಟಿ ಆಗದು. ಎರಡು ಬಟ್ಟಲು ಹಿಟ್ಟಿಗೆ ಒಂದೂವರೆ ಬಟ್ಟಲು ನೀರನ್ನು ಚಿಟಿಕೆ ಉಪ್ಪು ಹಾಕಿ ಕಾಯಿಸಿ. ಪರಾತದಲ್ಲಿ ಹಿಟ್ಟು ಹರವಿ, ನಡುವೆ ಗುಣಿ ಮಾಡಿ, ಎಸರು ಕೊತಕೊತ ಕುದಿಯುವಾಗಲೇ ಸುರಿಯಿರಿ. ಚಮಚದಲ್ಲಿ ಕಲಸಿ ಎರಡು ನಿಮಿಷ ಮುಚ್ಚಿಡಿ. ಕೈ ತಾಳುವಷ್ಟು ಆರಿದ ಮೇಲೆ ನಾದಲು ಶುರು ಮಾಡಿ. ನೀರು ಸಾಲದಿದ್ದರೆ ಕೈ ಅದ್ದಿಕೊಳ್ಳಿ, ಮತ್ತೆ ಸುರಿಯಬೇಡಿ.

ಇಲ್ಲಿ ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಹಿಟ್ಟನ್ನೆಲ್ಲ ಒಮ್ಮೆಗೇ ನಾದಿ ಉಂಡೆ ಮಾಡಿ ಸಾಲಾಗಿ ಇಟ್ಟುಬಿಡುತ್ತಾರೆ. ಮಂಡ್ಯದ ಗಾಳಿಯಲ್ಲಾದರೆ ನಡೆದೀತು. ನಮ್ಮ ಒಣ ಬಿಸಿಗೆ ಐದೇ ನಿಮಿಷದಲ್ಲಿ ಉಂಡೆಯ ಮೈ ಬಿರಿಯುತ್ತದೆ. ಅದನ್ನೇ ಬಡಿದರೆ ಅಂಚು ಬಿಡದೆ ಏನಾದೀತು? ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹಾಕಿಡಿ, ಒಂದೊಂದೇ ಉಂಡೆ ತೆಗೆದು ಬಡಿಯುವ ಮುಂಚೆ ಅಂಗೈ ಬುಡದಿಂದ ಮತ್ತೊಮ್ಮೆ ನಾದಿ. ಬೆಣ್ಣೆ ಮುಟ್ಟಿದ ಹಾಗೆ ನುಣುಪಾದಾಗ ಬಡಿಯಿರಿ.

ಮುಂದಿನ ಸಲ ಅತ್ತೆ ಬಡಿಯಲು ಕೂತಾಗ ಬೇಜಾರು ಬಿಟ್ಟು ಎದುರಿಗೆ ಕೂತು ಅವರ ಎಡಗೈ ನೋಡಿ. ಎಲ್ಲರೂ ಬಲಗೈ ನೋಡುತ್ತಾರೆ. ಬಲಗೈ ಬಡಿಯುತ್ತಾ ರೊಟ್ಟಿಯನ್ನು ತಿರುಗಿಸುತ್ತದೆ, ಎಡಗೈ ಬೆರಳು ಅಂಚಿಗೆ ಒತ್ತಾಗಿ ನಿಂತು ಬಿರುಕು ಮೂಡುವ ಮುಂಚೆಯೇ ಅದನ್ನು ಒಳಗೆ ತಳ್ಳುತ್ತಿರುತ್ತದೆ. ಹಂಚಿಗೆ ಹಾಕುವಾಗ ಹಿಟ್ಟು ಉದುರಿಸಿದ ಮೈ ಮೇಲಿರಲಿ. ತಕ್ಷಣ ಒದ್ದೆ ಬಟ್ಟೆಯಿಂದ ನೀರು ಸವರಿ. ಆ ನೀರಿನ ಹೊಳಪು ಆರಿಯೂ ಆರದ ಹಾಗಿರುವಾಗ ಮಗುಚಬೇಕು. ಬೇಗ ಮಗುಚಿದರೆ ಹಂಚಿಗೆ ಹತ್ತುತ್ತದೆ, ತಡವಾದರೆ ಸೀಳುತ್ತದೆ.

ಇಷ್ಟಾದರೂ ಹರಿದರೆ ನಿಮ್ಮ ಕೈಯನ್ನು ಬೈಯದೆ ಹಿಟ್ಟಿನ ಡಬ್ಬಿ ನೋಡಿ. ಗಿರಣಿಯಿಂದ ತಂದು ಹದಿನೈದು ದಿನ ದಾಟಿತೇ? "ಹಿಟ್ಟಿನ ಜಿಗಿ ಹೋಗ್ಯಾದ" ಅನ್ನುತ್ತಾರೆ ಇಲ್ಲಿ. ಅಂಗಡಿಯ ಪ್ಯಾಕೆಟ್ ಹಿಟ್ಟು ಯಾವಾಗ ಬೀಸಿದ್ದೋ ದೇವರೇ ಬಲ್ಲ. ಹಿಂಗಾರಿನ ಬಿಳಿಜೋಳ, ಸಿಕ್ಕರೆ ಮಾಲ್ದಂಡಿ ತಳಿಯದ್ದು, ಎರಡೆರಡೇ ಕಿಲೋ ಬೀಸಿಸಿ. ಬೇಸಿಗೆಯಲ್ಲಿ ಇನ್ನೂ ಕಡಿಮೆ.

ಪ್ರಶ್ನೆ: ಅಕ್ಕೋರ, ಮಧ್ಯಾಹ್ನ ಹನ್ನೆರಡಕ್ಕ ಹೆಪ್ಪ ಹಾಕಿದ್ರ ಮೂರಕ್ಕ ಮೊಸರ ಗಟ್ಟಿ, ಐದಕ್ಕ ಹುಳಿ, ರಾತ್ರಿಗಿ ಬಾಯಾಗ ಇಡ್ಲಿಕ್ಕ ಬರಂಗಿಲ್ಲ. ಈಗೊಂದ ವಾರದಿಂದ ಚಮಚ ಎತ್ತಿದ್ರ ನೂಲಿನಂಗ ಎಳಿ ಬರ್ಲಿಕತ್ತಾದ. ಏನ್ ಮಾಡ್ಲಿ? (ಯಾದಗಿರಿ)

ಉತ್ತರ: ಮೊಸರು ಮಾಡುವ ಸೂಕ್ಷ್ಮಜೀವಿಗಳಿಗೆ 40ರಿಂದ 45 ಡಿಗ್ರಿ ಬಲು ಹಿತ. ಅಂದರೆ ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಇಡೀ ಅಡಿಗೆಮನೆಯೇ ಅವುಗಳಿಗೆ ಹೇಳಿ ಮಾಡಿಸಿದ ಜಾಗ. ಚಳಿಗಾಲದ ಹಾಗೆ ಒಂದು ಲೀಟರಿಗೆ ಎರಡು ಚಮಚ ಹೆಪ್ಪು ಹಾಕಿದರೆ ಹೀಗೆಯೇ ಆಗುವುದು. ಬೇಸಿಗೆಗೆ ಅರ್ಧ ಚಮಚ ಸಾಕು. ಹಾಲು ಉಗುರು ಬೆಚ್ಚಗಲ್ಲ, ಪೂರ್ತಿ ಆರಿರಲಿ. ಮಧ್ಯಾಹ್ನದ ಬದಲು ರಾತ್ರಿ ಹತ್ತರ ಮೇಲೆ ಹೆಪ್ಪು ಹಾಕಿ, ಬೆಳಗ್ಗೆ ಎದ್ದ ಕೂಡಲೇ ಫ್ರಿಜ್ಜಿಗೆ. ಫ್ರಿಜ್ ಇಲ್ಲದಿದ್ದರೆ ಮಣ್ಣಿನ ಗಡಗಿಯಲ್ಲಿ ಹೆಪ್ಪಿಟ್ಟು, ಗಡಗಿಯನ್ನು ನೀರು ತುಂಬಿದ ಪರಾತದಲ್ಲಿ ನಿಲ್ಲಿಸಿ, ಸುತ್ತ ಒದ್ದೆ ಬಟ್ಟೆ ಕಟ್ಟಿ ಗಾಳಿಯಾಡುವ ಕಡೆ ಇಡಿ. ಒಣ ಗಾಳಿಗೆ ನೀರು ಆರಿದಂತೆ ಗಡಗಿ ತಂಪಾಗುತ್ತದೆ. ಮಂಗಳೂರಿನ ಸೆಕೆಯಲ್ಲಿ ಈ ಉಪಾಯ ಇಷ್ಟು ಚೆನ್ನಾಗಿ ನಡೆಯುವುದಿಲ್ಲ. ನಮ್ಮ ಬಿಸಿಲಿನಿಂದ ಆಗುವ ಉಪಕಾರ ಇದೊಂದು.

ಎಳೆ ಬರುವುದು ಹೆಪ್ಪಿನದೇ ತೊಂದರೆ. ಅಂಟು ಬಿಡುವ ಬೇರೆ ಜಾತಿಯ ಸೂಕ್ಷ್ಮಜೀವಿ ಅದರಲ್ಲಿ ಸೇರಿಕೊಂಡಿದೆ. ಅದೇ ಹೆಪ್ಪನ್ನು ದಿನಾ ಮುಂದುವರಿಸಿದರೆ ದಿನಾ ಎಳೆಯೇ. ಆ ಮೊಸರು ಪೂರ್ತಿ ತೆಗೆದುಹಾಕಿ, ಪಾತ್ರೆಗೆ ಕುದಿನೀರು ಹಾಕಿ ತೊಳೆದು ಬಿಸಿಲಿಗಿಡಿ. ಪಕ್ಕದ ಮನೆಯಿಂದ ಹೊಸ ಹೆಪ್ಪು ತನ್ನಿ. ಯಾರ ಮನೆಯಲ್ಲೂ ಸಿಗದಿದ್ದರೆ ಒಣ ಮೆಣಸಿನಕಾಯಿಯ ನಾಲ್ಕೈದು ತೊಟ್ಟನ್ನು ಬೆಚ್ಚನೆಯ ಹಾಲಿಗೆ ಹಾಕಿ ಮುಚ್ಚಿಡಿ. ತೊಟ್ಟಿಗೆ ಅಂಟಿಕೊಂಡಿರುವ ಸೂಕ್ಷ್ಮಜೀವಿಗಳೇ ಹಾಲನ್ನು ಹೆಪ್ಪುಗಟ್ಟಿಸುತ್ತವೆ. ಮೊದಲ ಸಲದ ಮೊಸರಿಗೆ ರುಚಿ ಸಾಲದು, ಅದನ್ನು ಹೆಪ್ಪಾಗಿ ಬಳಸಿ ಎರಡನೆಯ ಸಲ ಮಾಡಿದ್ದನ್ನು ಊಟಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ: ಬೆಂಗಳೂರ ಹಾಸ್ಟೆಲಿನಾಗಿರೋ ಮಗಗ ಶೇಂಗಾ ಹಿಂಡಿ (ಚಟ್ನಿಪುಡಿ) ಕಳಸ್ತೀನ್ರಿ. ಮಿಕ್ಸಿಗಿ ಹಾಕಿದ್ರ ಮುದ್ದಿ ಆಗ್ತದ, ಇಪ್ಪತ್ ದಿನಕ್ಕ ಕಮಟ ವಾಸನಿ. (ಶಹಾಪುರ)

ಉತ್ತರ: ಎರಡಕ್ಕೂ ಕಾರಣ ಶೇಂಗಾದ ಎಣ್ಣೆ. ಕಾಳಿನಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಎಣ್ಣೆಯೇ ಇರುತ್ತದೆ. ಹುರಿದ ಬಿಸಿಯಲ್ಲೇ ಮಿಕ್ಸಿಗೆ ಹಾಕಿದರೆ, ಅದರ ಮೇಲೆ ಮಿಕ್ಸಿಯ ಬಿಸಿಯೂ ಸೇರಿ, ಎಣ್ಣೆ ಹೊರಬಂದು ಮುದ್ದೆಯಾಗುತ್ತದೆ. ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೆಗೆದು, ಪೂರ್ತಿ ಆರಲು ಬಿಡಿ. ಖಾರದ ಪುಡಿ, ಉಪ್ಪು, ಜೀರಿಗೆಯನ್ನು ಮೊದಲು ಒಂದು ಸುತ್ತು ತಿರುಗಿಸಿ, ಆಮೇಲೆ ಶೇಂಗಾ ಹಾಕಿ ಬಿಟ್ಟು ಬಿಟ್ಟು ನಾಲ್ಕೇ ಸಲ ತಿರುಗಿಸಿ. ಮನೆಯಲ್ಲಿ ಒರಳಿದ್ದರೆ ಪ್ರಶ್ನೆಯೇ ಇಲ್ಲ. ಕುಟ್ಟಿದ ಹಿಂಡಿಯಲ್ಲಿ ಅರೆಬರೆ ಕಾಳು ಹಲ್ಲಿಗೆ ಸಿಗುತ್ತದಲ್ಲ, ಆ ರುಚಿ ಮಿಕ್ಸಿಯಲ್ಲಿ ಬರುವುದಿಲ್ಲ.

ಮನೆಯಲ್ಲಿ ತಿನ್ನುವ ಹಿಂಡಿಗೆ ಹಸಿ ಬೆಳ್ಳುಳ್ಳಿ ಸರಿ. ದೂರ ಕಳಿಸುವುದಕ್ಕೆ ಅದರ ನೀರಿನಂಶವೇ ಶತ್ರು. ಬೆಳ್ಳುಳ್ಳಿಯನ್ನು ಗರಿಗರಿಯಾಗುವಂತೆ ಹುರಿದು ಹಾಕಿ, ಇಲ್ಲವೇ ಬಿಟ್ಟುಬಿಡಿ. ಒಂದು ದೊಡ್ಡ ಡಬ್ಬಿಯ ಬದಲು ಮೂರು ಸಣ್ಣ ಡಬ್ಬಿ ಕಳಿಸಿ. ಒಂದು ಮುಗಿಯುವ ತನಕ ಇನ್ನೊಂದನ್ನು ತೆರೆಯಬೇಡ ಎಂದು ಹೇಳಿ. ಕೇಳುತ್ತಾನೋ ಇಲ್ಲವೋ ಬೇರೆ ಮಾತು. ಅಗಸಿ ಹಿಂಡಿಯನ್ನಂತೂ ದೂರದ ಊರಿಗೆ ಕಳಿಸಬೇಡಿ. ಅಗಸಿಯ ಎಣ್ಣೆ ಶೇಂಗಾದ್ದಕ್ಕಿಂತ ಬೇಗ ಕಮಟುತ್ತದೆ.

ಒಂದು ಮಾತು ಕಟ್ಟುನಿಟ್ಟಾಗಿ: ಬೂಸ್ಟು ಹಿಡಿದ, ಮುದುಡಿದ, ಬಣ್ಣಗೆಟ್ಟ ಶೇಂಗಾವನ್ನು "ಹುರಿದರೆ ಸರಿಹೋಗುತ್ತದೆ" ಎಂದು ಬಳಸಬೇಡಿ. ಆ ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಬರುತ್ತದೆ, ಪಿತ್ತಜನಕಾಂಗಕ್ಕೆ ಕೆಟ್ಟದ್ದು. ಮನೆಯ ಹುರಿತಕ್ಕೆ ಅದು ಪೂರ್ತಿ ಹೋಗುವುದಿಲ್ಲ. ಹಸುವಿಗೂ ಹಾಕಬೇಡಿ, ಹಾಲಿನಲ್ಲಿ ಬರುತ್ತದೆ.

ಪ್ರಶ್ನೆ: ಎಳ್ಳ ಅಮವಾಸಿಗಿ ಹೊಲಕ್ಕ ಒಯ್ಯಾಕ ಅಂಬಲಿ ಮಾಡಿದೆ. ಬೇಸಿಗ್ಯಾಗ ಒಂದ್ ರಾತ್ರ್ಯಾಗ ಹುಳಿ ಬರ್ತದ, ಅವತ್ತ ಬರ್ಲೇ ಇಲ್ಲ. ಭಜ್ಜಿ, ಸಜ್ಜಿ ರೊಟ್ಟಿ ಎಲ್ಲಾ ಚಲೋ ಆಗಿತ್ತು, ಅಂಬಲಿ ಸಪ್ಪಗ. (ಭಾಲ್ಕಿ)

ಉತ್ತರ: ನಿಮ್ಮದು ಮೊಸರಿನ ಪ್ರಶ್ನೆಯ ತಿರುಗುಮುರುಗು. ಎಳ್ಳ ಅಮಾವಾಸ್ಯೆ ಬರುವುದೇ ಚಳಿಯ ನಡುವೆ, ನಿಮ್ಮ ಜಿಲ್ಲೆಯೋ ಎತ್ತರದ ಪ್ರಸ್ಥಭೂಮಿ. ಆ ಚಳಿಗೆ ಒಂದು ರಾತ್ರಿ ಸಾಲದು. ಒಂದು ಬಟ್ಟಲು ಜೋಳದ ಹಿಟ್ಟನ್ನು ಎರಡು ಬಟ್ಟಲು ಬೆಚ್ಚನೆಯ ನೀರಿನಲ್ಲಿ ಗಂಟಿಲ್ಲದೆ ಕಲಸಿ, ಎರಡು ಚಮಚ ಹುಳಿ ಮಜ್ಜಿಗೆ ಸೇರಿಸಿ, ಹಬ್ಬದ ಹಿಂದಿನ ದಿನ ಬೆಳಗ್ಗೆಯೇ ಇಟ್ಟುಬಿಡಿ. ಪಾತ್ರೆಗೆ ಕೌದಿ ಸುತ್ತಿ ಒಲೆಯ ಪಕ್ಕ ಇಟ್ಟರೆ ಇನ್ನೂ ಒಳ್ಳೆಯದು. ಮೇಲೆ ಸಣ್ಣ ಗುಳ್ಳೆ, ಮೂಗಿಗೆ ಮಜ್ಜಿಗೆಯಂಥ ಹುಳಿ ವಾಸನೆ ಬಂದರೆ ಹದ. ಗಡಿಯಾರ ನೋಡಬೇಡಿ. ಗುಲಾಬಿ, ಹಸಿರು ಬಣ್ಣ ಅಥವಾ ನಾತ ಬಂದರೆ ಹೊರಗೆ ಚೆಲ್ಲಿ.

ಆರು ಬಟ್ಟಲು ನೀರು ಕುದಿಸಿ, ಉಪ್ಪು ಹಾಕಿ, ಈ ಹಿಟ್ಟನ್ನು ಸಣ್ಣ ಧಾರೆಯಾಗಿ ಬಿಡುತ್ತಾ ತಿರುವಿ. ಹತ್ತು ಹದಿನೈದು ನಿಮಿಷದಲ್ಲಿ ಹಸಿ ವಾಸನೆ ಹೋಗಿ ಹೊಳಪು ಬರುತ್ತದೆ. ಪೂರ್ತಿ ಆರಿದ ಮೇಲೆ ಮಜ್ಜಿಗೆ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಕೊತ್ತಂಬರಿ. ಬಿಸಿಯಿರುವಾಗ ಮಜ್ಜಿಗೆ ಹಾಕಿದರೆ ಒಡೆದು ತರಿತರಿಯಾಗುತ್ತದೆ.

ಪಾತ್ರೆ ಮಣ್ಣಿನದೋ ಸ್ಟೀಲಿನದೋ ಇರಲಿ. ನಾನು ಮದುವೆಯಾದ ಹೊಸದರಲ್ಲಿ ಹಬ್ಬದ ಚೆಂದಕ್ಕೆಂದು ತವರಿನ ಹಿತ್ತಾಳೆ ಕೊಡದಲ್ಲಿ ಅಂಬಲಿ ತುಂಬಿ ಹೊಲಕ್ಕೆ ಒಯ್ದಿದ್ದೆ. ಕಲಾಯಿ ಯಾವಾಗಲೋ ಹೋಗಿತ್ತು, ನೋಡಿರಲಿಲ್ಲ. ಮಧ್ಯಾಹ್ನ ಬಗ್ಗಿಸಿದರೆ ಅಂಚಿನಲ್ಲಿ ಹಸಿರು, ಬಾಯಿಗೆ ಹಾಕಿದರೆ ತಾಮ್ರದ ಒಗರು. ಮಾವ ಒಂದು ಗುಟುಕು ಕುಡಿದು, ಏನೂ ಅನ್ನದೆ ಕೊಡವನ್ನು ಬದುವಿನ ಆಚೆ ಬಗ್ಗಿಸಿಬಿಟ್ಟರು.

ಪ್ರಶ್ನೆ: ತೊಗರಿ ಹೊಲದಾಗ ಬೆಳೀತೀವಿ, ಬ್ಯಾಳಿ ಪ್ಯಾಟ್ಯಾಗ ಕೊಳ್ತೀವಿ. ನಮ್ಮವ್ವ ಮನ್ಯಾಗೇ ಮಾಡ್ತಿದ್ಳು. ಈಗ ಮಾಡ್ಲಿಕ್ಕ ಬರ್ತದೇನ್ರಿ? (ಆಳಂದ)

ಉತ್ತರ: ಧಾರಾಳವಾಗಿ ಬರುತ್ತದೆ. 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ತೊಗರಿ ಬೇಳೆ ನಮ್ಮದು. ಅದನ್ನು ನಾವೇ ಪ್ಯಾಕೆಟ್ಟಿನಲ್ಲಿ ಕೊಳ್ಳುವುದು ಸ್ವಲ್ಪ ನಾಚಿಕೆಯ ಮಾತೇ. ತೊಗರಿಯ ಸಿಪ್ಪೆ ಕಾಳಿಗೆ ಅಂಟಿನಿಂದ ಹತ್ತಿಕೊಂಡಿರುತ್ತದೆ. ನಿಮ್ಮ ಅವ್ವ ಬಹುಶಃ ಕಾಳು ನೆನೆಸಿ, ಕೆಮ್ಮಣ್ಣು ಕಲಸಿ, ರಾತ್ರಿಯಿಡೀ ಗುಡ್ಡೆ ಹಾಕಿ, ಬಿಸಿಲಿಗೆ ಒಣಗಿಸಿ ಬೀಸುತ್ತಿದ್ದರು. ಹಾಗೆ ಮಾಡಿದ ಬೇಳೆಯ ನಡುವೆ ಸಣ್ಣ ಕುಳಿ ಬೀಳುತ್ತದೆ. ಕಾಳು ಹೆಚ್ಚು ನುಚ್ಚಾಗದು, ಆದರೆ ಬೇಯಲು ತಡ.

ಮಣ್ಣಿನ ಗೊಡವೆ ಬೇಡವೆಂದರೆ: ಒಂದು ಕಿಲೋ ಕಾಳನ್ನು ಬೀಸುಕಲ್ಲಿನಲ್ಲಿ ಹಗುರಾಗಿ ಒಮ್ಮೆ ಆಡಿಸಿ ಸಿಪ್ಪೆಗೆ ಗೀರು ಬೀಳಿಸಿ. ಒಂದು ಚಮಚ ಶೇಂಗಾ ಎಣ್ಣೆ ಸವರಿ ಎರಡು ದಿನ ಬಿಸಿಲಿಗೆ ಹರವಿ. ಎರಡನೆಯ ಸಂಜೆ ನೀರು ಚಿಮುಕಿಸಿ, ಗೋಣಿಚೀಲ ಮುಚ್ಚಿ ರಾತ್ರಿ ಬಿಟ್ಟು, ಮರುದಿನ ಮತ್ತೆ ಒಣಗಿಸಿ ಬೀಸಿ, ಕೇರಿ. 700 ಗ್ರಾಂ ಆಸುಪಾಸು ಬೇಳೆ ಸಿಕ್ಕರೆ ಚೆನ್ನಾಗಿ ಆಯಿತೆಂದು ತಿಳಿಯಿರಿ. ನುಚ್ಚು ಎಮ್ಮೆಗೆ ಹಾಕಬೇಡಿ, ಖಾರಬ್ಯಾಳಿಗೆ ಅದೇ ರುಚಿ. ಮೊದಲ ಸಲಕ್ಕೆ ಎರಡು ಕಿಲೋ ದಾಟಬೇಡಿ, ರಟ್ಟೆ ಬಿದ್ದುಹೋಗುತ್ತದೆ.

ಪ್ರಶ್ನೆ: ಮಾವಿನಕಾಯಿ ಪಾನಕ ಮಾಡಿಟ್ಟರೆ ಎಷ್ಟು ದಿನ ಇರುತ್ತದೆ? (ಹುಮನಾಬಾದ್)

ಉತ್ತರ: ನೀರು ಬೆರೆಸಿಟ್ಟರೆ ಸಂಜೆಯೊಳಗೆ ಕುಡಿದು ಮುಗಿಸಿ. ಕಾಯಿ ಬೇಯಿಸಿ ಹಿಂಡಿದ ತಿರುಳಿಗೆ ಅದರ ಎರಡರಷ್ಟು ಬೆಲ್ಲ ಹಾಕಿ ಕುದಿಸಿ, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ, ಒಣಗಿದ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ ಚಿಂತೆಯಿಲ್ಲ. ಬೇಕಾದಾಗ ಎರಡು ಚಮಚಕ್ಕೆ ಒಂದು ಲೋಟ ಕೊಡದ ನೀರು. ಒದ್ದೆ ಚಮಚ ಮಾತ್ರ ಹಾಕಬೇಡಿ.