ಬೇಸಿಗೆಗೆ ಕಾವಲಿ, ಮಳೆಗೆ ಜರಡಿ: ಗಾಜಿನ ಕೋಣೆಯ ರಿಪೇರಿ

ಪ್ರಶ್ನೆ: ಮನೆಯ ಹಿತ್ತಲ ಕಡೆಗೆ ಹದಿನೈದು ವರ್ಷದ ಹಿಂದೆ ಗಾಜಿನ ಕೋಣೆ ಕಟ್ಟಿಸಿದ್ದೆವು. ಮನೆಯ ಗೋಡೆಗುಂಟ 15 ಅಡಿ, ಹೊರಕ್ಕೆ 12 ಅಡಿ. ಕಬ್ಬಿಣದ ಚೌಕ ಪೈಪಿನ ಚೌಕಟ್ಟು, ಮೇಲೆ 10 ಮಿ.ಮೀ. ಪಾಲಿಕಾರ್ಬೊನೇಟ್ ಶೀಟು, ಮೂರೂ ಕಡೆ ಸ್ಲೈಡಿಂಗ್ ಕಿಟಕಿ. ಏಪ್ರಿಲ್‌ನಲ್ಲಿ ಬೇಯುತ್ತದೆ, ಜುಲೈನಲ್ಲಿ ಸೋರುತ್ತದೆ. ಚಳಿಗಾಲ ಬಿಟ್ಟರೆ ಬಳಕೆಯೇ ಇಲ್ಲ. ಎಸಿ ಹಾಕಿಸಬೇಕೋ, ಗಾಜಿನ ಛಾವಣಿ ಮಾಡಿಸಬೇಕೋ, ಕೆಡವಿಬಿಡಬೇಕೋ?
— ಓದುಗರು, ತಿಲಕವಾಡಿ, ಬೆಳಗಾವಿ

ಉತ್ತರ: ಮೂರೂ ಬೇಡ. ಛಾವಣಿ ಬದಲಿಸಿ, ಉಳಿದದ್ದನ್ನು ತಿದ್ದಿಕೊಳ್ಳಿ.

ಇಂಥ ಕೋಣೆ ಹುಟ್ಟಿದ್ದು ಚಳಿ ದೇಶಗಳಲ್ಲಿ. ಅಲ್ಲಿ ಸೂರ್ಯ ಓರೆಯಾಗಿ ಬರುತ್ತಾನೆ, ಬಂದಷ್ಟು ಬಿಸಿಲನ್ನು ಹಿಡಿದಿಟ್ಟುಕೊಳ್ಳಬೇಕು. ಬೆಳಗಾವಿಯಲ್ಲಿ ಮೇ ಮೊದಲ ವಾರದ ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಪೆಟ್ಟು ಬೀಳುವುದು ಛಾವಣಿಗೆ. ಲೆಕ್ಕ ನೋಡಿ: ನಿಮ್ಮ ಛಾವಣಿ ಸುಮಾರು 16.7 ಚದರ ಮೀಟರ್, ಸುಡು ಮಧ್ಯಾಹ್ನ ಪ್ರತಿ ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಬಿಸಿಲು. ಅದರಲ್ಲಿ ಅರ್ಧ ಒಳಗೆ ಇಳಿದರೂ 8 ಕಿಲೋವ್ಯಾಟ್. ಒಂದು ಟನ್ನಿನ ಎಸಿ ಹೊರಹಾಕುವುದು 3.5 ಕಿಲೋವ್ಯಾಟ್ ಶಾಖ. ಅಂದರೆ ಎರಡು ಟನ್ನಿನ ಎಸಿ ಹಾಕಿದರೂ ಅದು ಛಾವಣಿಯ ಜೊತೆ ಗುದ್ದಾಡುವುದರಲ್ಲೇ ಸುಸ್ತಾಗುತ್ತದೆ. ಅದೇ ಜಾಗದಲ್ಲಿ 50 ಮಿ.ಮೀ. ಪಫ್ ಪ್ಯಾನೆಲ್ (ಎರಡು ತಗಡಿನ ನಡುವೆ ಗಟ್ಟಿ ಫೋಮ್ ತುಂಬಿದ ಹಲಗೆ) ಇದ್ದರೆ ಛಾವಣಿಯಿಂದ ಇಳಿಯುವ ಶಾಖ ಕೆಲವು ನೂರು ವ್ಯಾಟ್ ಮಾತ್ರ. ತಗಡಿನ ಮೇಲೆ ಮಳೆ ಬಡಿಯುವ ಸದ್ದೂ ತಗ್ಗುತ್ತದೆ.

ಬೆಳಕಿನ ಚಿಂತೆ ಬೇಡ, ಮೂರು ಕಡೆಯಿಂದ ಬರುತ್ತದೆ. ಕತ್ತಲಾಗುವುದು ಗಾಜಿನ ಕೋಣೆಯಲ್ಲ, ಅದರಾಚೆಗಿನ ನಿಮ್ಮ ನಡುಮನೆ. ಇದು ಹಲವರಿಗೆ ಕೆಲಸ ಮುಗಿದ ಮೇಲೆಯೇ ಹೊಳೆಯುತ್ತದೆ. ಪ್ಯಾನೆಲ್ ಸಾಮಾನ್ಯವಾಗಿ 1 ಮೀಟರ್ ಅಗಲ. 15 ಅಡಿಗೆ ನಾಲ್ಕು ಕೂತು 57 ಸೆಂ.ಮೀ. ಉಳಿಯುತ್ತದೆ. ಅಷ್ಟಕ್ಕೆ ಹಾಲುಬಣ್ಣದ ಪಾಲಿಕಾರ್ಬೊನೇಟ್ ಪಟ್ಟಿ ಹಾಕಿಸಿ. ಪಶ್ಚಿಮದ ಅಂಚು ಬಿಟ್ಟು ಎಲ್ಲಾದರೂ ಸರಿ. ಗಾಜೇ ಬೇಕೆಂದರೆ ನಡುವೆ ಪದರವಿರುವ ಲ್ಯಾಮಿನೇಟೆಡ್ ಗಾಜು ಮಾತ್ರ. ಒಡೆದರೂ ಚೂರು ತಲೆಯ ಮೇಲೆ ಉದುರುವುದಿಲ್ಲ.

ಇನ್ನು ಭಾರ. ಈಗಿನ ಶೀಟು ಎಲ್ಲ ಸೇರಿ 30 ಕೆ.ಜಿ. ಆಸುಪಾಸು. ಪಫ್ ಪ್ಯಾನೆಲ್ 200 ಕೆ.ಜಿ. ಆಗುತ್ತದೆ, 12 ಮಿ.ಮೀ. ಗಾಜಾದರೆ 500. ಆದ್ದರಿಂದ ಹಳೆಯ ಚೌಕಟ್ಟು ತಡೆಯುತ್ತದೋ ಇಲ್ಲವೋ ಮೊದಲು ನೋಡಬೇಕು. ಚೌಕ ಪೈಪು ಒಳಗಿನಿಂದ, ಬುಡದಿಂದ ತುಕ್ಕು ಹಿಡಿಯುತ್ತದೆ. ಹೊರಗಿನ ಬಣ್ಣ ನೋಡಿ ಮೋಸ ಹೋಗಬೇಡಿ. ನೆಲದಿಂದ ಆರು ಇಂಚಿನವರೆಗೆ ಸುತ್ತಿಗೆಯಿಂದ ತಟ್ಟಿ. ಸದ್ದು ಮಂದವಾದರೆ, ಸ್ಕ್ರೂಡ್ರೈವರ್ ಒತ್ತಿದಾಗ ತಗ್ಗು ಬಿದ್ದರೆ ಆ ಕಂಬ ಹೋಯಿತು, ಬದಲಿಸಿ. ಹೊಸ ಕಂಬದ ತಲೆ ಮುಚ್ಚಿಸಿ, ಬುಡದಲ್ಲಿ ನೀರಿಳಿಯಲು 6 ಮಿ.ಮೀ. ತೂತು ಬಿಡಿಸಿ. ಅಡ್ಡಪಟ್ಟಿಗಳು 4 ಅಡಿಗೊಂದರಂತೆ ಇರಲಿ.

ಸೋರಿಕೆ ಎಲ್ಲಿಂದ ಎಂದು ಶೀಟು ಕಿತ್ತುವ ಮೊದಲೇ ಹುಡುಕಿ. ಪೈಪಿನಿಂದ ನೀರು ಬಿಡುವಾಗ ಕೆಳಗಿನ ದೋಣಿಯಿಂದ (ಛಾವಣಿಯ ಅಂಚಿನಲ್ಲಿ ಮಳೆನೀರು ಹಿಡಿಯುವ ಕಾಲುವೆ) ಶುರುಮಾಡಿ, ಒಂದೊಂದು ಕಡೆ ಹತ್ತು ನಿಮಿಷದಂತೆ ಮೇಲಕ್ಕೆ ಹೋಗಿ. ಮೇಲಿನಿಂದ ಸುರಿದರೆ ಎಲ್ಲ ಒಟ್ಟಿಗೆ ನೆನೆದು ಏನೂ ತಿಳಿಯದು. ಸಾಮಾನ್ಯವಾಗಿ ತಪ್ಪಿತಸ್ಥ ಜಾಗ ಛಾವಣಿಯೂ ಮನೆಯ ಗೋಡೆಯೂ ಕೂಡುವ ಸಾಲು. ಗವಂಡಿಗಳು ಅಲ್ಲಿ ಸಿಮೆಂಟ್ ಮೆತ್ತುತ್ತಾರೆ. ಕಬ್ಬಿಣ ಬಿಸಿಲಿಗೆ ಹಿಗ್ಗುವಷ್ಟು ಗೋಡೆ ಹಿಗ್ಗುವುದಿಲ್ಲ, ಒಂದೇ ಬೇಸಿಗೆಗೆ ಸಿಮೆಂಟ್ ಬಿರಿಯುತ್ತದೆ. ಸರಿಯಾದ ಕೆಲಸ ಹೀಗೆ: ಛಾವಣಿಯಿಂದ 6 ಇಂಚು ಮೇಲೆ ಗೋಡೆಯಲ್ಲಿ 1 ಇಂಚು ಆಳದ ಉದ್ದ ಗೀರು ಕೊರೆದು, ಅಲ್ಯೂಮಿನಿಯಂ ತಗಡಿನ ಮೇಲಂಚನ್ನು ಅದರೊಳಗೆ ಸೇರಿಸಿ, ಗೀರನ್ನು ಸೀಲಂಟ್‌ನಿಂದ (ರಬ್ಬರಿನಂತೆ ಹಿಗ್ಗುವ ಅಂಟು) ಮುಚ್ಚಬೇಕು. ತಗಡಿನ ಕೆಳಗಿನ ಭಾಗ ಛಾವಣಿಯ ಮೇಲೆ ಬಿಡಿಯಾಗಿ ಒರಗಿರಬೇಕು, ಅಂಟಿಸಬಾರದು. ಸೀಲಂಟ್ ಆಗಿ ಸಿಲಿಕೋನ್ ತರುವಾಗ ‘ನ್ಯೂಟ್ರಲ್’ ಎಂದು ಕೇಳಿ. ವಿನೆಗರ್ ವಾಸನೆ ಹೊಡೆಯುವ ಅಗ್ಗದ್ದು ಲೋಹವನ್ನೂ ತಿನ್ನುತ್ತದೆ, ಸಿಮೆಂಟಿನ ಮೇಲೂ ನಿಲ್ಲುವುದಿಲ್ಲ.

ದೋಣಿಯ ವಿಷಯ ಚಿಕ್ಕದು. ಗಂಟೆಗೆ 100 ಮಿ.ಮೀ. ವೇಗದ ಜಡಿಮಳೆ ಹೊಡೆದರೆ ನಿಮ್ಮ ಛಾವಣಿಯಿಂದ ಗಂಟೆಗೆ ಸುಮಾರು 1,700 ಲೀಟರ್ ಇಳಿಯುತ್ತದೆ. ಎರಡಿಂಚಿನ ಪೈಪು ನಾಲ್ಕು ಎಲೆಗೇ ಕಟ್ಟಿಕೊಳ್ಳುತ್ತದೆ, 4 ಇಂಚಿನದು ಹಾಕಿ.

ಕಿಟಕಿ: ಸ್ಲೈಡಿಂಗ್ ಎಂದೂ ಅರ್ಧವೇ ತೆರೆಯುವುದು. ಎದುರುಬದುರಿನ ಎರಡನ್ನು ಪೂರ್ತಿ ತೆರೆಯುವ ಬಾಗಿಲುಗಳಾಗಿ ಮಾಡಿಸಿ, ಛಾವಣಿಯ ಎತ್ತರದ ಬದಿಯಲ್ಲಿ ಬಿಸಿಗಾಳಿ ಹೋಗಲು ಜಾಳಿಗೆ ಬಿಡಿಸಿ. ಪಶ್ಚಿಮದ ಗಾಜಿಗೆ ಬಿದಿರಿನ ಪರದೆ ಹೊರಗಡೆ ಕಟ್ಟಬೇಕು. ಒಳಗೆ ಕಟ್ಟಿದರೆ ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ. ದಕ್ಷಿಣದ ಗಾಜನ್ನು ಮುಟ್ಟಬೇಡಿ. ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಸೂರ್ಯ 50 ಡಿಗ್ರಿಯಷ್ಟೇ ಏರುವುದರಿಂದ ಚಳಿಗಾಲದ ಎಳೆ ಬಿಸಿಲು ಅಲ್ಲಿಂದಲೇ ಬರಬೇಕು. ಎಲ್ಲವೂ ಮಿರಗದ ಮಳೆಯೊಳಗೆ, ಅಂದರೆ ಜೂನ್ ಮೊದಲ ವಾರದೊಳಗೆ ಮುಗಿಯಲಿ.

ಪ್ರಶ್ನೆ: ನಮ್ಮ ಗಾಜಿನ ಪಡಸಾಲೆಗೂ ಮನೆಯ ಗೋಡೆಗೂ ನಡುವೆ ಅರ್ಧ ಇಂಚಿನ ಬಿರುಕು. ಬೇಸಿಗೆಯಲ್ಲಿ ಅಗಲವಾಗುತ್ತದೆ, ಮಳೆಗಾಲದಲ್ಲಿ ಕೂಡಿಕೊಳ್ಳುತ್ತದೆ. ಮೂರು ಸಲ ಸಿಮೆಂಟ್ ತುಂಬಿಸಿದೆವು. ಎರಡು ಗಾಜೂ ಸೀಳಿವೆ. ದಪ್ಪ ಗಾಜು ಹಾಕಿಸಿದರೆ ನಿಂತೀತೇ?
— ಓದುಗರು, ಜಲನಗರ, ವಿಜಯಪುರ

ಉತ್ತರ: ನಿಲ್ಲದು. ನೀವು ಬರೆದ ಲಕ್ಷಣ ನೋಡಿದರೆ ಇದು ಗಾಜಿನ ದೋಷವಲ್ಲ, ಎರೆಮಣ್ಣಿನ ಆಟ. ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಮನೆಯ ಬುನಾದಿ ಆಳಕ್ಕೆ ಹೋಗಿರುತ್ತದೆ. ಆಮೇಲೆ ಸೇರಿಸಿದ ಪಡಸಾಲೆ ಒಂದೆರಡು ಅಡಿಯ ಮೇಲೆ ಕೂತಿರುತ್ತದೆ. ಒಂದು ನಿಂತಲ್ಲೇ ನಿಂತು ಇನ್ನೊಂದು ಏರಿಳಿದರೆ ನಡುವೆ ಬಿಡುವು ಬರಲೇಬೇಕು.

ಹಾಗಾಗಿ ಬಿರುಕನ್ನು ಮುಚ್ಚಬೇಡಿ, ಅದನ್ನೇ ನೇರವಾದ ಸಂದು ಮಾಡಿ. ಸಿಮೆಂಟ್ ಕೆತ್ತಿ 12 ಮಿ.ಮೀ. ಅಗಲಕ್ಕೆ ತನ್ನಿ. ಒಳಗೆ ಫೋಮಿನ ಹುರಿ ತುರುಕಿ, ಮೇಲೆ 6 ಮಿ.ಮೀ. ದಪ್ಪ ಪಿಯು (ಪಾಲಿಯುರೆಥೇನ್) ಸೀಲಂಟ್ ತುಂಬಿ. ಹುರಿ ಇಲ್ಲದಿದ್ದರೆ ಸೀಲಂಟ್ ತಳಕ್ಕೂ ಅಂಟಿ, ಎಳೆದಾಗ ಹರಿಯುತ್ತದೆ. ಕಾಲವೂ ಮುಖ್ಯ. ಮೇನಲ್ಲಿ ತುಂಬಿದರೆ ಮಳೆಗೆ ಹಿಂಡಿ ಹೊರಬರುತ್ತದೆ, ಸೆಪ್ಟೆಂಬರಿನಲ್ಲಿ ತುಂಬಿದರೆ ಬೇಸಿಗೆಗೆ ಕಿತ್ತುಬರುತ್ತದೆ. ಬಿರುಕು ನಡುವಳತೆಯಲ್ಲಿರುವಾಗ, ಡಿಸೆಂಬರ್ ಹೊತ್ತಿಗೆ ಮಾಡಿಸಿ.

ಪಡಸಾಲೆಯ ಸುತ್ತ ಮೂರಡಿ ಅಗಲ ಶಹಾಬಾದ್ ಫರಸಿ ಹಾಸಿ, ಇಳಿಜಾರು ಹೊರಮುಖ ಇರಲಿ. ಗೋಡೆಗೆ ಅಂಟಿದ ಹೂಪಾತಿ ತೆಗೆಯಿರಿ. ದಿನವೂ ಒಂದೇ ಮಗ್ಗುಲಿಗೆ ನೀರುಣಿಸುವುದು ಅದೇ. ಒಂದು ವರ್ಷ ಹೀಗೆ ನೋಡಿ, ಆಮೇಲೆ ಗಾಜು ಹಾಕಿಸಿ. ಚೌಕಟ್ಟಿನೊಳಗೆ ಗಾಜಿನ ಸುತ್ತ 4–5 ಮಿ.ಮೀ. ಸಡಿಲ ಇರಬೇಕು. ಇಷ್ಟಾದರೂ ಅಲುಗಾಡಿದರೆ ಪಡಸಾಲೆಯನ್ನು ಇಳಿಸಿ, ಎರೆ ದಾಟಿ ಗಟ್ಟಿ ಗರಸು ಸಿಗುವವರೆಗೆ ತೋಡಿ ಹೊಸ ಬುನಾದಿ ಹಾಕುವುದೊಂದೇ ದಾರಿ.

ಪ್ರಶ್ನೆ: ಒಳ ಅಂಗಳದ ಮೇಲೆ ಹಾಕಿಸಿದ ಎರಡು ಪದರದ ಪಾಲಿಕಾರ್ಬೊನೇಟ್ ನಾಲ್ಕೇ ವರ್ಷಕ್ಕೆ ಹಳದಿಯಾಗಿದೆ, ಒಳಗಿನ ನಾಳಗಳಲ್ಲಿ ಪಾಚಿ ಕಟ್ಟಿದೆ. ಬಿಸಿಲೇರಿದಾಗ ಟಕ್ ಟಕ್ ಸದ್ದು. ತೊಳೆದರೆ ಹೋದೀತೇ?
— ಓದುಗರು, ನವನಗರ, ಬಾಗಲಕೋಟೆ

ಉತ್ತರ: ಹೋಗುವುದಿಲ್ಲ, ಬದಲಿಸಿ. ಇಷ್ಟು ಬೇಗ ಹಳದಿಯಾಗಿದೆ ಎಂದರೆ ಬಿಸಿಲು ತಡೆಯುವ ಲೇಪವಿರುವ ಮುಖ ಕೆಳಗಾಗಿದೆ, ಇಲ್ಲವೇ ಲೇಪವೇ ಇಲ್ಲದ ಶೀಟು ಕೊಟ್ಟಿದ್ದಾರೆ. ಅಕ್ಷರ ಮುದ್ರಿಸಿದ ಹಾಳೆ ಅಂಟಿಸಿದ ಮುಖವೇ ಸಾಮಾನ್ಯವಾಗಿ ಮೇಲಿರಬೇಕಾದದ್ದು; ಕೂರಿಸಿದ ದಿನವೇ ಆ ಹಾಳೆ ಕೀಳಬೇಕು, ಬಿಟ್ಟರೆ ಬಿಸಿಲಿಗೆ ಅಂಟಿಕೊಳ್ಳುತ್ತದೆ. ನಾಳಗಳು ಇಳಿಜಾರಿನ ದಿಕ್ಕಿಗೇ ಇರಲಿ. ಮೇಲ್ತುದಿಗೆ ಗಟ್ಟಿ ಅಲ್ಯೂಮಿನಿಯಂ ಟೇಪು, ಕೆಳತುದಿಗೆ ಸಣ್ಣ ರಂಧ್ರಗಳ ಟೇಪು: ಒಳಗೆ ಕಟ್ಟಿದ ತೇವ ಇಳಿದುಹೋಗಬೇಕು, ಧೂಳು ಹೊಗಬಾರದು.

ಸದ್ದಿಗೆ ಕಾರಣ ಬಿಗಿ ಸ್ಕ್ರೂ. 3 ಮೀಟರ್ ಶೀಟು 40 ಡಿಗ್ರಿ ಬಿಸಿಯೇರಿದರೆ ಸುಮಾರು 8 ಮಿ.ಮೀ. ಹಿಗ್ಗುತ್ತದೆ. ತೂತು ಸ್ಕ್ರೂಗಿಂತ 3–4 ಮಿ.ಮೀ. ದೊಡ್ಡದಿರಲಿ, ವಾಷರ್ ಇಪಿಡಿಎಂ ರಬ್ಬರಿನದಿರಲಿ. ಪಿವಿಸಿ ವಾಷರಿನ ಎಣ್ಣೆಯಂಶ ಶೀಟನ್ನು ಬಿರಿಸುತ್ತದೆ.

ಪ್ರಶ್ನೆ: ಬಾಡಿಗೆ ಮನೆ, ಗಾಜಿನ ಕೋಣೆಯ ಶೀಟಿನ ಛಾವಣಿ ಬದಲಿಸುವಂತಿಲ್ಲ. ಈ ಬೇಸಿಗೆಗಷ್ಟೇ ಏನಾದರೂ ಉಪಾಯ?
— ಓದುಗರು, ವಿಜಯಪುರ

ಉತ್ತರ: ಶೇ 75ರ ನೆರಳುಬಲೆಯನ್ನು ಶೀಟಿನಿಂದ ಒಂದಡಿ ಮೇಲೆ, ಬೇರೆ ಪೈಪುಗಳಿಗೆ ಕಟ್ಟಿ. ಶೀಟಿನ ಮೇಲೇ ಹಾಸಿದರೆ ಬಲೆಯ ಬಿಸಿಯೂ ಒಳಗೇ ಇಳಿಯುತ್ತದೆ. ಸಂಜೆಯ ಅಡ್ಡಮಳೆ, ಬಿರುಗಾಳಿಯ ಸೂಚನೆ ಕಂಡರೆ ಬಿಚ್ಚಲು ಬರುವಂಥ ಗಂಟು ಹಾಕಿ.